ಕಲಿಯುವವರ ಹೊಣೆ

ಪಂಡಿತರು ಕಟ್ಟಿದ ಮಾತುಗಳಲ್ಲಿ ಕೆಲವು ನಾಲಿಗೆಗೆ ಕಷ್ಟವಾದರೂ ಅರ್ಥದಲ್ಲಿ ಸೊಗಸಾಗಿರುತ್ತವೆ. ‘ಶಿಶಿಕ್ಷು’ ಎಂಬುದು ಅಂಥದೊಂದು. ಅಪ್ರೆಂಟಿಸ್ ಎಂಬುದಕ್ಕೆ ಸರ್ಕಾರದ ಕಾಗದಪತ್ರಗಳು ಈ ಹೆಸರನ್ನು ಕೊಡುತ್ತವೆ. ಜನ ಇದನ್ನು ಆಡುವುದಿಲ್ಲ, ಆಡುವಂತೆಯೂ ಇಲ್ಲ. ಆದರೆ ಬಿಡುಗಡೆಯನ್ನು ಬಯಸುವವನು ಮುಮುಕ್ಷು, ಅರಿವನ್ನು ಬಯಸುವವನು ಜಿಜ್ಞಾಸು ಎಂಬ ಸಾಲಿನಲ್ಲಿಯೇ ಕಲಿಕೆಯನ್ನು ಬಯಸುವವನು ಶಿಶಿಕ್ಷು. ಮೋಕ್ಷಕ್ಕೆ ಸಲ್ಲುವ ವ್ಯಾಕರಣವನ್ನು ಸ್ಪ್ಯಾನರ್ ಹಿಡಿದು ರೈಲುಗಾಡಿಯ ಕೆಳಗೆ ಬಗ್ಗಿದವರಿಗೂ ಸಲ್ಲಿಸಿದ್ದಾರಲ್ಲ ಎಂದು ನನಗೆ ಸಂತೋಷ. ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಇನ್ನೂ ಕಲಿಯುತ್ತಿರುವವನಿಗೆ ಹೊಣೆ ಉಂಟೇ? ಉಂಟಾದರೆ ಅದು ಎಂಥ ಹೊಣೆ?

ಪ್ರಶ್ನೆ ನನ್ನದಲ್ಲ. ನಮ್ಮ ಜಯನಗರದ ಬೀದಿಯಲ್ಲಿ ಎರಡು ಮನೆ ಆಚೆಗಿರುವ ಹುಡುಗಿಯದು. ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಪದವಿ ಪಡೆದು, ಈಗ ರೈಲುಗಾಡಿಗಳನ್ನು ನೋಡಿಕೊಳ್ಳುವ ಒಂದು ಕಡೆ ಆಕೆ ಪದವೀಧರ ಅಪ್ರೆಂಟಿಸ್ ಆಗಿದ್ದಾಳೆ. ಬೀದಿಯವರು ಆಕೆಯ ತಾಯಿಯನ್ನು, “ಮಗಳಿಗೆ ಕೆಲಸ ಸಿಕ್ಕಿತಂತೆ?” ಎಂದು ಕೇಳುತ್ತಾರೆ. ತಾಯಿ, “ಸಿಕ್ಕಿದೆ, ಆದರೆ ಕೆಲಸ ಅಲ್ಲ” ಎನ್ನುತ್ತಾರೆ. ಕೇಳಿದವರು ತಲೆದೂಗಿ ಮುಂದೆ ಹೋಗುತ್ತಾರೆ. ಗಂಡು ನೋಡಬೇಕೆಂದಿದ್ದ ನೆಂಟರೊಬ್ಬರು ಈ ಉತ್ತರವನ್ನು ಬಯೊಡೇಟಾದ ಯಾವ ಅಂಕಣದಲ್ಲಿ ಬರೆಯುವುದೆಂದು ತಿಳಿಯದೆ ಸುಮ್ಮನಾದರಂತೆ.

ಆ ಹುಡುಗಿ ಒಂದು ಭಾನುವಾರ ನನ್ನಲ್ಲಿಗೆ ಬಂದು ಹೇಳಿದಳು: “ಅಂಕಲ್, ಗಾಡಿಯ ಕೆಳಗೆ ಗುಂಡಿಯಲ್ಲಿ ನಿಂತು ನಾನು ಬ್ರೇಕು, ಬೋಲ್ಟು ಎಲ್ಲ ನೋಡುತ್ತೇನೆ. ಪಟ್ಟಿಯಲ್ಲಿ ಒಂದೊಂದಕ್ಕೂ ಗುರುತು ಹಾಕುತ್ತೇನೆ. ಕೊನೆಯಲ್ಲಿ ಹಿರಿಯರು ಒಮ್ಮೆ ನೋಡಿ ಸಹಿ ಮಾಡುತ್ತಾರೆ. ನನ್ನ ಸಹಿಗೆ ಅಲ್ಲಿ ಜಾಗವೇ ಇಲ್ಲ. ನಾಳೆ ಏನಾದರೂ ಆದರೆ ಹೊಣೆ ಅವರದೋ, ನನ್ನದೋ?”

ಕಾನೂನನ್ನು ಕೇಳಿದರೆ ಉತ್ತರ ಸುಲಭ. ನಮ್ಮ ದೇಶದ ಅಪ್ರೆಂಟಿಸ್ ಕಾಯಿದೆ 1961ರದು. ಮೊದಲು ಅದು ಕಸುಬು ಕಲಿಯುವ ಹುಡುಗರಿಗೆ ಮಾತ್ರ ಇತ್ತು. 1973ರ ತಿದ್ದುಪಡಿಯಿಂದ ಪದವಿ ಮತ್ತು ಡಿಪ್ಲೊಮಾ ಪಡೆದವರೂ ಅದರೊಳಗೆ ಬಂದರು. ಆ ಕಾಯಿದೆಯ 18ನೆಯ ಪ್ರಕರಣ ಅಪ್ರೆಂಟಿಸ್ ಕಲಿಯುವವನೇ ಹೊರತು ಕೆಲಸಗಾರನಲ್ಲ ಎಂದು ಸಾರುತ್ತದೆ. 2019ರ ನಿಯಮಗಳು ಪದವೀಧರ ಅಪ್ರೆಂಟಿಸಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಗೊತ್ತುಮಾಡಿದವು. ಅದಕ್ಕೂ ಸಂಬಳವೆಂಬ ಹೆಸರಿಲ್ಲ, ಸ್ಟೈಪೆಂಡ್ ಎಂದು ಹೆಸರು. ಗಾಯವಾದರೆ ಪರಿಹಾರವುಂಟು. ಆದರೆ ಕೆಲಸಗಾರನಲ್ಲದವನ ಕೆಲಸಕ್ಕೆ ಉತ್ತರ ಹೇಳಬೇಕಾದವನು ಮೇಲಿನವನು, ಸಹಿ ಹಾಕಿದವನು. ಇದು ನ್ಯಾಯವಾದದ್ದೇ. ಕಲಿಯುವ ಕೈ ನಡುಗಿದ್ದಕ್ಕೆ ಕಲಿಯುವವನನ್ನು ಕಟಕಟೆಗೆ ನಿಲ್ಲಿಸುವ ಕಡೆ ಯಾರು ತಾನೇ ಕಲಿತಾರು?

ಆದರೆ ಈ ಉತ್ತರದಿಂದ ಆ ಹುಡುಗಿಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಆಕೆ ಕಾನೂನನ್ನು ಕೇಳಿರಲಿಲ್ಲ. ಬೋಲ್ಟನ್ನು ಮುಟ್ಟಿ ನೋಡಿದ ಕೈ ತನ್ನದು ಎಂಬುದನ್ನು ಮರೆಯಲಾರದೆ ಕೇಳಿದ್ದಳು.

ನಾನೂ ಒಂದು ಕಾಲಕ್ಕೆ ಇದೇ ಅಪ್ರೆಂಟಿಸ್ ಆಗಿದ್ದವನು. ಸಿವಿಲ್ ಎಂಜಿನಿಯರಿಂಗ್ ಮುಗಿಸಿ 1979ರಲ್ಲಿ ಬೆಂಗಳೂರು–ಮೈಸೂರು ಹಾದಿಯಲ್ಲಿ ಒಂದು ವರ್ಷ ಹಳಿಯ ಕೆಲಸ ಕಲಿತೆ. ಆಗ ಅದು ಮೀಟರ್ ಗೇಜಿನ ಒಂಟಿ ಹಳಿ. ಈಗ ಅದೇ ಹಾದಿ ಬ್ರಾಡ್ ಗೇಜ್ ಆಗಿ, ಜೋಡಿ ಹಳಿಯಾಗಿ, ಮೇಲೆ ವಿದ್ಯುತ್ ತಂತಿ ಹೊತ್ತು ನಿಂತಿದೆ. ಹಳಿಗಳ ನಡುವಿನ ಅಂತರ ಒಂದು ಮೀಟರಿನಿಂದ 1,676 ಮಿಲಿಮೀಟರಿಗೆ ಹಿಗ್ಗಿದೆ. ಅಪ್ರೆಂಟಿಸನ ಸ್ಥಿತಿ ಮಾತ್ರ ಹೆಚ್ಚು ಬದಲಾಗಿಲ್ಲವೆಂದು ಆ ಹುಡುಗಿಯ ಮಾತಿನಿಂದ ತಿಳಿಯಿತು.

ಆ ಸ್ಥಿತಿಯನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಎಲ್ಲಿಯೂ ಸೇರದ ಸ್ಥಿತಿ. ಕಾಲೇಜು ಮುಗಿದಿರುವುದರಿಂದ ವಿದ್ಯಾರ್ಥಿಯಲ್ಲ. ಕಾಯಿದೆ ಹೇಳಿರುವುದರಿಂದ ಕೆಲಸಗಾರನಲ್ಲ. ಹೆಸರಿನ ಮುಂದೆ ಬಿ.ಇ. ಇದ್ದರೂ ಅಧಿಕಾರಿಯಲ್ಲ. ಗ್ಯಾಂಗಿನವರು ಮರದ ನೆರಳಿನಲ್ಲಿ ಮುದ್ದೆ ಬಿಚ್ಚಿಕೊಂಡು ಕುಳಿತಾಗ ಅವರೊಡನೆ ಕುಳಿತರೆ ಅವರಿಗೆ ಸಂಕೋಚ. ಇನ್‌ಸ್ಪೆಕ್ಟರ ಪಕ್ಕದಲ್ಲಿ ಕುಳಿತರೆ ನನಗೆ ಸಂಕೋಚ. ಹಳಿಯ ಮೇಲೆ ಉರುಳುವ ತಳ್ಳುಟ್ರಾಲಿಯಲ್ಲಿ ಇನ್‌ಸ್ಪೆಕ್ಟರಿಗೆ ಜಾಗವಿತ್ತು. ಟ್ರಾಲಿಮನ್ನುಗಳಿಗೆ ಹಳಿಯ ಮೇಲೆ ಬರಿಗಾಲಿನಲ್ಲಿ ಓಡುತ್ತ ತಳ್ಳುವ ಕೆಲಸವಿತ್ತು. ನಾನು ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತುಕೊಳ್ಳುತ್ತಿದ್ದೆ. ಇಳಿ ಎಂದರೆ ಇಳಿಯುವುದು, ಬರೆದುಕೋ ಎಂದರೆ ಬರೆದುಕೊಳ್ಳುವುದು.

ಲೆಕ್ಕ ನನಗೆ ಬರುತ್ತಿತ್ತು. ಉಕ್ಕು ಒಂದು ಡಿಗ್ರಿ ಕಾವಿಗೆ ಮೀಟರಿಗೆ ಸುಮಾರು 0.0115 ಮಿಲಿಮೀಟರ್ ಹಿಗ್ಗುತ್ತದೆ. ಹಾಗಾಗಿ 12 ಮೀಟರ್ ಉದ್ದದ ಹಳಿಗೆ 40 ಡಿಗ್ರಿ ಕಾವೇರಿದರೆ ಐದೂವರೆ ಮಿಲಿಮೀಟರ್ ಹಿಗ್ಗುತ್ತದೆ. ಅದಕ್ಕಾಗಿಯೇ ಎರಡು ಹಳಿಗಳ ನಡುವೆ ಸಂದು ಬಿಡುವುದು. ತಿರುವಿನಲ್ಲಿ ಹೊರಗಿನ ಹಳಿ ಎಷ್ಟು ಎತ್ತರವಿರಬೇಕು ಎಂಬುದಕ್ಕೂ ಸೂತ್ರ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಹಳಿಯೇ.

ಅದನ್ನು ತೋರಿಸಿಕೊಟ್ಟವನು ಒಬ್ಬ ಕೀಮನ್. ಐವತ್ತು ದಾಟಿದವನು, ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ. ಕೀಮನ್ನಿನ ಕೆಲಸವೆಂದರೆ ತನಗೆ ಗೊತ್ತುಮಾಡಿದ ಹಾದಿಯನ್ನು ದಿನವೂ ನಡೆಯುವುದು: ಹೋಗುವಾಗ ಒಂದು ಹಳಿಯನ್ನು ನೋಡುತ್ತ, ಬರುವಾಗ ಇನ್ನೊಂದನ್ನು ನೋಡುತ್ತ. ಹೆಗಲ ಮೇಲೆ ಸುತ್ತಿಗೆ ಮತ್ತು ಸ್ಪ್ಯಾನರ್, ಚೀಲದಲ್ಲಿ ಕೆಂಪು ಹಸಿರು ಬಾವುಟಗಳು, ಹಳಿಯ ಮೇಲೆ ಕಟ್ಟುವ ಪಟಾಕಿಗಳು. ಒಂದು ಬೆಳಿಗ್ಗೆ ಆತ ಸ್ಲೀಪರಿನ ಮೇಲೆ ತಟ್ಟಿ, “ಕೇಳಿ ಸ್ವಾಮಿ” ಎಂದ. ಕೇಳಿದೆ. ಮುಂದಿನದರ ಮೇಲೆ ತಟ್ಟಿ, “ಇದನ್ನ ಕೇಳಿ” ಎಂದ. ಎರಡೂ ನನಗೆ ಒಂದೇ. ಆತ ನಗಲಿಲ್ಲ. “ಮೊದಲ್ನೇದು ಹೊಟ್ಟೆ ತುಂಬಿದ್ದು. ಇದು ಟೊಳ್ಳು. ಕೆಳಗೆ ಜಲ್ಲಿ ಕುಂತೋಗದೆ. ಗಾಡಿ ಬಂದ್ರೆ ಒತ್ತತದೆ, ಹೋದ್ರೆ ಏಳ್ತದೆ” ಎಂದ. ನಾವು ಪಕ್ಕಕ್ಕೆ ಸರಿದು ನಿಂತೆವು. ಸ್ವಲ್ಪ ಹೊತ್ತಿಗೆ ಒಂದು ಪ್ಯಾಸೆಂಜರ್ ಗಾಡಿ ಹಾದುಹೋಯಿತು. ಆ ಒಂದು ಸ್ಲೀಪರ್ ಮಾತ್ರ ಗಾಲಿ ಬಂದಾಗಲೆಲ್ಲ ಬಗ್ಗಿ ಏಳುತ್ತಿತ್ತು, ಮಲಗಿದವನ ಎದೆಯ ಹಾಗೆ.

ಆ ದೂರ ಎರಡು ಮಿಲಿಮೀಟರೋ ಮೂರೋ ಇದ್ದೀತು. ಅದನ್ನು ಅಳೆಯುವ ಉಪಕರಣ ನನ್ನ ಚೀಲದಲ್ಲಿತ್ತು. ಎಲ್ಲಿ ಅಳೆಯಬೇಕೆಂಬುದು ಆತನ ಕಿವಿಯಲ್ಲಿತ್ತು. ಪುಸ್ತಕದ ವಿದ್ಯೆ ಕೀಳು, ಕೈಯ ವಿದ್ಯೆ ಮೇಲು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಹಾಗೆ ಹೇಳುವವರು ಸಾಮಾನ್ಯವಾಗಿ ಎರಡನ್ನೂ ಬಲ್ಲವರಲ್ಲ. ಹಳಿ ಬೇಸಿಗೆಯಲ್ಲಿ ಬಾಗಬಾರದಾದರೆ ಸಂದು ಎಷ್ಟಿರಬೇಕೆಂಬುದನ್ನು ಲೆಕ್ಕವೇ ಹೇಳಬೇಕು, ಕಿವಿ ಹೇಳಲಾರದು. ನನ್ನ ಮಾತು ಇಷ್ಟೆ: ಆ ಬೆಳಿಗ್ಗೆ ನಾನು “ಎರಡೂ ಒಂದೇ ಥರ ಕೇಳಿಸುತ್ತದೆ” ಎಂದು ಬಾಯಿಬಿಟ್ಟು ಹೇಳಿದ್ದರಿಂದ ಕಲಿತೆ. ತಲೆಯಾಡಿಸಿ “ಹೂಂ, ಟೊಳ್ಳು” ಎಂದಿದ್ದರೆ ಇಬ್ಬರಿಗೂ ಸುಖವಾಗಿರುತ್ತಿತ್ತು. ಆತ ಮುಂದಕ್ಕೆ ನಡೆಯುತ್ತಿದ್ದ. ನಾನು ಕಿವುಡನಾಗಿಯೇ ಎಂಜಿನಿಯರ್ ಆಗುತ್ತಿದ್ದೆ.

ಇಲ್ಲಿಂದ ಹೊಣೆಯ ಮಾತಿಗೆ ಬರಬಹುದು. ಹೊಣೆಯಲ್ಲಿ ಎರಡು ಬಗೆಯುಂಟು ಎಂದು ನನಗೆ ತೋರುತ್ತದೆ. ಒಂದು, ಆಮೇಲಿನ ಹೊಣೆ. ನಡೆದುಹೋದದ್ದಕ್ಕೆ ಉತ್ತರ ಹೇಳುವುದು. ಇನ್ನೊಂದು, ಮುಂಚಿನ ಹೊಣೆ. ನಡೆಯುವ ಮೊದಲು ತಡೆಯುವುದು. ನಾವು ಹೊಣೆ ಎಂದಾಗಲೆಲ್ಲ ಮೊದಲನೆಯದನ್ನೇ ನೆನೆಯುತ್ತೇವೆ. ಯಾರ ಸಹಿ, ಯಾರ ಕುರ್ಚಿ, ಯಾರ ತಲೆದಂಡ ಎಂದು ಕೇಳುತ್ತೇವೆ.

ಆಮೇಲಿನ ಹೊಣೆಗೆ ನಮ್ಮ ರೈಲ್ವೆಯ ಚರಿತ್ರೆಯಲ್ಲಿಯೇ ದೊಡ್ಡ ಉದಾಹರಣೆ ಇದೆ. 1956ರಲ್ಲಿ ಮಹಬೂಬ್‌ನಗರದ ಬಳಿ ರೈಲು ಅಪಘಾತವಾಗಿ ನೂರಕ್ಕೂ ಹೆಚ್ಚು ಜನ ಸತ್ತಾಗ ರೈಲ್ವೆ ಮಂತ್ರಿಯಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟರು, ನೆಹರೂ ಒಪ್ಪಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅರಿಯಲೂರಿನ ಬಳಿ ಮಳೆಯ ಪ್ರವಾಹಕ್ಕೆ ಸೇತುವೆ ಕುಸಿದು ಮತ್ತೆ ನೂರಕ್ಕೂ ಹೆಚ್ಚು ಜನ ಸತ್ತರು. ಶಾಸ್ತ್ರಿಯವರು ಮತ್ತೆ ರಾಜೀನಾಮೆ ಕೊಟ್ಟರು. ಈ ಸಲ ಅದು ಅಂಗೀಕಾರವಾಯಿತು. ಸೇತುವೆಯನ್ನು ಅವರು ಕಟ್ಟಿರಲಿಲ್ಲ, ನೋಡಿಯೂ ಇದ್ದಿಲ್ಲವೇನೋ. ಆದರೂ ಅದರ ಭಾರವನ್ನು ತಮ್ಮ ಮೇಲೆ ಎಳೆದುಕೊಂಡರು. ಇದು ದೊಡ್ಡತನವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ದೊಡ್ಡತನಕ್ಕೂ ಒಂದು ಎಲ್ಲೆಯಿದೆ. ರಾಜೀನಾಮೆ ದುಃಖಕ್ಕೆ ಮರ್ಯಾದೆ ಕೊಡಬಲ್ಲದು. ಗಾಡಿಯನ್ನು ಹಿಂದಕ್ಕೆ ಎಳೆಯಲಾರದು. ಆಮೇಲಿನ ಹೊಣೆ ಎಷ್ಟೇ ಉದಾತ್ತವಾದರೂ ಯಾವಾಗಲೂ ತಡವಾಗಿಯೇ ಬರುತ್ತದೆ.

ಮುಂಚಿನ ಹೊಣೆ ಬೇರೆಯ ಜಾತಿಯದು. ಅದನ್ನು ರೈಲ್ವೆಯವರು ಅಚ್ಚರಿಯಾಗುವಷ್ಟು ಉದಾರವಾಗಿ ಹಂಚಿದ್ದಾರೆ. ಹಳಿ ಮುರಿದಿರುವುದನ್ನೋ ಅಡ್ಡ ಬಿದ್ದ ಮರವನ್ನೋ ಕಂಡ ಗ್ಯಾಂಗ್‌ಮನ್ ಮೊದಲು ಮಾಡಬೇಕಾದದ್ದು ಅದನ್ನು ಸರಿಪಡಿಸುವುದಲ್ಲ, ಮೇಲಿನವರಿಗೆ ತಿಳಿಸುವುದೂ ಅಲ್ಲ. ಗಾಡಿಯನ್ನು ನಿಲ್ಲಿಸುವುದು. ಕೆಂಪು ಬಾವುಟ ಹಿಡಿದು ಗಾಡಿ ಬರುವ ದಿಕ್ಕಿಗೆ ಓಡಬೇಕು. ಮೀಟರ್ ಗೇಜಿನಲ್ಲಿ 400 ಮೀಟರ್ ದೂರದಲ್ಲಿ ಹಳಿಯ ಮೇಲೆ ಒಂದು ಪಟಾಕಿ, 800 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಪಟಾಕಿ ಇಡಬೇಕು. ಬ್ರಾಡ್ ಗೇಜಿನಲ್ಲಿ ಈ ದೂರ 600 ಮತ್ತು 1,200 ಮೀಟರ್. ಗಾಲಿ ಹರಿದಾಗ ಅವು ಸಿಡಿಯುತ್ತವೆ. ಡ್ರೈವರ್ ಕೂಡಲೇ ನಿಲ್ಲಿಸುತ್ತಾನೆ. ಕೈಯಲ್ಲಿ ಬಾವುಟ ಇಲ್ಲದಿದ್ದರೆ ಎರಡು ಕೈಗಳನ್ನೂ ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದರಾಯಿತು. ಅದರ ಅರ್ಥವೂ ‘ನಿಲ್ಲಿಸು’ ಎಂದೇ.

ಇದನ್ನು ನಾನು ಮೊದಲು ಕೇಳಿದಾಗ ನನಗೆ ರೋಮಾಂಚವಾಯಿತು. ರೈಲ್ವೆಯ ಏಣಿಯಲ್ಲಿ ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿರುವವನು ಎರಡು ಕೈ ಎತ್ತಿದರೆ ಜನರಲ್ ಮ್ಯಾನೇಜರ್ ಕುಳಿತ ಗಾಡಿಯೂ ನಿಲ್ಲಬೇಕು. ಗಾಡಿಯನ್ನು ಹೊರಡಿಸುವುದಕ್ಕೆ ಎಷ್ಟು ಜನರ ಅಪ್ಪಣೆ ಬೇಕು! ಸ್ಟೇಷನ್ ಮಾಸ್ಟರ್, ಗಾರ್ಡು, ಸಿಗ್ನಲ್, ಒಂಟಿ ಹಳಿಯಾದರೆ ಟೋಕನ್. ನಿಲ್ಲಿಸುವುದಕ್ಕೆ ಒಬ್ಬನ ಸಂಶಯ ಸಾಕು. ಈ ಅಧಿಕಾರಕ್ಕೆ ಪದವಿ ಬೇಡ, ಹುದ್ದೆ ಬೇಡ, ಕಾಯಿದೆಯ ದೃಷ್ಟಿಯಲ್ಲಿ ಕೆಲಸಗಾರನಾಗಿರಲೂ ಬೇಡ. ಕಣ್ಣಿಗೆ ಕಂಡದ್ದು ಸಾಕು. ನನ್ನ ಅಪ್ರೆಂಟಿಸ್ ವರ್ಷದಲ್ಲಿ ನಾನು ಒಂದು ಗಾಡಿಯನ್ನೂ ನಿಲ್ಲಿಸಬೇಕಾಗಿ ಬರಲಿಲ್ಲ. ಆದರೆ ನಿಲ್ಲಿಸಬಹುದು ಎಂದು ತಿಳಿದ ದಿನದಿಂದ ಹಳಿಯ ಪಕ್ಕ ನಾನು ನಡೆಯುವ ರೀತಿಯೇ ಬೇರೆಯಾಯಿತು. ಅದುವರೆಗೆ ನೋಡುವವನ ಹಾಗೆ ನಡೆಯುತ್ತಿದ್ದೆ. ಆಮೇಲೆ ಕೇಳಿದರೆ ಹೇಳಬೇಕಾದವನ ಹಾಗೆ ನಡೆದೆ.

ಆ ಹುಡುಗಿಗೆ ನಾನು ಕೊಟ್ಟ ಉತ್ತರ ಇದೇ. “ಆಮೇಲಿನ ಹೊಣೆ ನಿಮ್ಮ ಹಿರಿಯರದು, ಅದನ್ನು ನೀನು ಕೇಳಿಕೊಂಡರೂ ಅವರು ಕೊಡಬಾರದು. ಮುಂಚಿನ ಹೊಣೆ ನಿನ್ನದು. ಅದನ್ನು ನೀನು ಬೇಡವೆಂದರೂ ಬಿಡಲಾರದು. ಬೋಲ್ಟು ಬಿಗಿಯಾಗಿದೆಯೋ ಇಲ್ಲವೋ ಎಂದು ನಿನಗೆ ತಿಳಿಯದಿದ್ದರೆ ಗುರುತು ಹಾಕಬೇಡ. ‘ತಿಳಿಯಲಿಲ್ಲ, ನೀವು ನೋಡಿ’ ಎನ್ನು. ಅದೇ ನಿನ್ನ ಕೆಂಪು ಬಾವುಟ.” ಆಕೆ ಸ್ವಲ್ಪ ಯೋಚಿಸಿ, “ಎಷ್ಟು ಸಲ ಅಂತ ಕೇಳುವುದು ಅಂಕಲ್?” ಎಂದಳು.

ಕಷ್ಟವಿರುವುದು ಅಲ್ಲಿಯೇ. ‘ತಿಳಿಯಲಿಲ್ಲ’ ಎಂಬ ಮಾತು ಬಹಳ ಸಣ್ಣದು. ಓದಿದವರಿಗೆ ಅದನ್ನು ಆಡುವುದು ಬಹಳ ಕಷ್ಟ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹದಿನಾರು ವರ್ಷ ನಾವು ಕಲಿಸುವುದು ಏನು? ಪ್ರಶ್ನೆಗೆ ಉತ್ತರ ಬಿಡಬೇಡ, ಗೊತ್ತಿಲ್ಲದಿದ್ದರೂ ಏನಾದರೂ ಬರೆ, ಅರ್ಧ ಅಂಕವಾದರೂ ಬರುತ್ತದೆ. ಖಾಲಿ ಬಿಡುವುದು ಅವಮಾನ. ಈ ಅಭ್ಯಾಸವನ್ನು ಹೊತ್ತು ಹುಡುಗರು ಪದವಿ ಪಡೆದು ಬಂದು ಗಾಡಿಯ ಕೆಳಗೆ ನಿಲ್ಲುತ್ತಾರೆ. ಅವರ ಕೈಗೆ ಕೊಡುವ ಪಟ್ಟಿ ನೋಡುವುದಕ್ಕೆ ಉತ್ತರಪತ್ರಿಕೆಯ ಹಾಗೆಯೇ ಇರುತ್ತದೆ. ಒಂದು ಚೌಕವನ್ನೂ ಖಾಲಿ ಬಿಡಲು ಕೈ ಬಾರದು. ಆದರೆ ಇಲ್ಲಿ ಊಹಿಸಿ ಬರೆದ ಉತ್ತರಕ್ಕೆ ಅಂಕ ಕಳೆದುಹೋಗುವುದು ಬರೆದವನದಲ್ಲ. ಎಲ್ಲಿಯೋ ಮೂರನೆಯ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಕುಳಿತವನದು.

ಕೇಳುವುದರಲ್ಲಿ ಇನ್ನೊಂದು ತೊಡಕೂ ಉಂಟು. ಗುರುವಿನ ಕೆಲಸದಲ್ಲಿಯೇ ಲೋಪ ಕಂಡರೆ? ಇಂಗ್ಲೆಂಡಿನಲ್ಲಿ ರೈಲು ಹುಟ್ಟಿದ ಕಾಲದ ಒಂದು ಪ್ರಸಂಗ ಇದಕ್ಕೆ ನೆನಪಿಗೆ ಬರುತ್ತದೆ. ಜೋಸೆಫ್ ಲಾಕ್ ಎಂಬ ಹುಡುಗ 1823ರಲ್ಲಿ ಜಾರ್ಜ್ ಸ್ಟೀಫನ್‌ಸನ್ನರಲ್ಲಿ ಕಲಿಯಲು ಸೇರಿದ. ಕೆಲವು ವರ್ಷಗಳ ಮೇಲೆ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಹಾದಿಯ ಸುರಂಗದ ಕೆಲಸವನ್ನು ಪರೀಕ್ಷಿಸಿ ವರದಿ ಕೊಡುವಂತೆ ಆ ಕಂಪನಿಯ ನಿರ್ದೇಶಕರು ಲಾಕನನ್ನೇ ಕೇಳಿದರು. ಆ ಹಾದಿಯ ಮುಖ್ಯ ಎಂಜಿನಿಯರ್ ಸ್ಟೀಫನ್‌ಸನ್. ಲಾಕ್ ಅಳೆದು ನೋಡಿ ಕಂಡದ್ದನ್ನು ಕಂಡಂತೆ ಬರೆದ. ನಡೆದ ಕೆಲಸದಲ್ಲಿ ಲೋಪಗಳಿದ್ದವು. ಗುರುವಿಗೆ ಕೋಪ ಬಂತು. ಇಬ್ಬರ ನಡುವಿನ ಬಾಂಧವ್ಯ ಮತ್ತೆ ಮೊದಲಿನಂತೆ ಆಗಲಿಲ್ಲ. ಲಾಕ್ ಮುಂದೆ ದೊಡ್ಡ ಎಂಜಿನಿಯರ್ ಆದ. ಸ್ಟೀಫನ್‌ಸನ್ನರ ಹಿರಿಮೆಯೂ ಇದರಿಂದ ಕುಗ್ಗಲಿಲ್ಲ. ಆದರೆ ನಿಜ ಹೇಳಿದ್ದಕ್ಕೆ ಶಿಷ್ಯ ತೆತ್ತ ಬೆಲೆ ತೆತ್ತದ್ದೇ. ಮುಂಚಿನ ಹೊಣೆ ಪುಕ್ಕಟೆಯಾಗಿ ಸಿಗುತ್ತದೆಂದು ಯಾರೂ ಕಲಿಯುವವರಿಗೆ ಆಸೆ ತೋರಿಸಬಾರದು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ‘ಕಲಿಯುವವರೆಲ್ಲ ಕಂಡಕಂಡಲ್ಲಿ ಕೈ ಎತ್ತುತ್ತ ಹೋದರೆ ಯಾವ ಗಾಡಿ ತಾನೇ ಊರು ಸೇರೀತು? ಹತ್ತು ಸಲ ಕೇಳುವವರಿಗೆ ಕಲಿಸುವುದರಲ್ಲಿಯೇ ಹಿರಿಯರ ದಿನ ಹೋಗಲಿಲ್ಲವೇ? ಸುಮ್ಮನೆ ಗಾಡಿ ನಿಲ್ಲಿಸಿದರೆ ಅದೂ ಹಾನಿಯಲ್ಲವೇ?’ ಆಕ್ಷೇಪ ಹುಸಿಯಲ್ಲ. ಪ್ರತಿಯೊಂದು ಅರೆಗಳಿಗೆಗೂ ಬೆಲೆಯುಂಟು. ಆದರೆ ಎರಡು ತಪ್ಪುಗಳನ್ನು ತಕ್ಕಡಿಯಲ್ಲಿ ಇಟ್ಟು ನೋಡಬೇಕು. ನಿಲ್ಲಿಸಬೇಕಾಗಿಲ್ಲದಾಗ ನಿಲ್ಲಿಸಿದರೆ ಇಪ್ಪತ್ತು ನಿಮಿಷ ಹೋಗುತ್ತದೆ. ಅದನ್ನು ಮುಂದಿನ ಸ್ಟೇಷನ್ನುಗಳಲ್ಲಿ ಒಂದಿಷ್ಟು ಹಿಡಿಯಬಹುದು. ನಿಲ್ಲಿಸಬೇಕಾದಾಗ ನಿಲ್ಲಿಸದಿದ್ದರೆ ಹೋಗುವುದನ್ನು ಯಾವ ಸ್ಟೇಷನ್ನಿನಲ್ಲಿಯೂ ಹಿಡಿಯಲಾಗದು. ಈ ಎರಡಕ್ಕೂ ಒಂದೇ ಗದರಿಕೆ ಕೊಡುವವನಿಗೆ ತೂಕ ತಿಳಿಯದು.

ಹಾಗೆ ಗದರುವವರನ್ನು ನಾನು ನೋಡಿದ್ದೇನೆ. ಹೆಸರು ಬೇಡವಾದ ಒಂದು ಕಡೆ, ಹಳಿಯಲ್ಲಿ ಬಿರುಕು ಕಂಡಿತೆಂದು ಒಬ್ಬ ಗ್ಯಾಂಗ್‌ಮನ್ ಗಾಡಿ ನಿಲ್ಲಿಸಿದ. ನೋಡಿದರೆ ಅದು ಮೇಲ್ಮೈಯ ಗೀರು. ಅಲ್ಲಿಯ ಅಧಿಕಾರಿ ಆತನನ್ನು ಗ್ಯಾಂಗಿನ ಎದುರಿಗೆ ನಿಲ್ಲಿಸಿ ಬೈದರು, ಬರೆಹದಲ್ಲಿ ವಿವರಣೆ ಕೇಳಿದರು. ಬರೆಯಲು ಬಾರದವನು ಇನ್ನೊಬ್ಬರ ಕೈಯಲ್ಲಿ ಬರೆಸಿ ಹೆಬ್ಬೆಟ್ಟು ಒತ್ತಿದ. ಮುಂದೆ ಹಲವು ತಿಂಗಳು ಆ ಭಾಗದಲ್ಲಿ ಯಾರೂ ಒಂದು ಗಾಡಿಯನ್ನೂ ನಿಲ್ಲಿಸಲಿಲ್ಲ. ಕಾಗದದ ಮೇಲೆ ಅದು ಬಹಳ ಒಳ್ಳೆಯ ವಿಭಾಗವಾಯಿತು. ಹಳಿ ಒಳ್ಳೆಯದಾಗಿದ್ದುದರಿಂದ ಹಾಗಾಯಿತೋ, ಕಣ್ಣುಗಳು ನೆಲ ನೋಡುವುದನ್ನು ಬಿಟ್ಟಿದ್ದರಿಂದ ಹಾಗಾಯಿತೋ, ಕಾಗದ ಹೇಳುವುದಿಲ್ಲ.

ನನಗೆ ಕೆಲಸ ಕಲಿಸಿದ ಇನ್‌ಸ್ಪೆಕ್ಟರು ಇಂಥದೇ ಸಂದರ್ಭದಲ್ಲಿ ಬೇರೆಯಾಗಿ ನಡೆದುಕೊಂಡರು. ಗಾಡಿ ನಿಧಾನವಾಗಿ ದಾಟಿಹೋದ ಮೇಲೆ ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿ ನೋಡಿದರು. ಆಮೇಲೆ ಅದನ್ನು ಗ್ಯಾಂಗ್‌ಮನ್ನಿನ ಕೈಗೆ ಕೊಟ್ಟು, “ನೀನೂ ನೋಡು. ಬಿರುಕಾದರೆ ಒಳಗೆ ಕಪ್ಪಾಗಿ ಇಳಿದಿರುತ್ತದೆ. ಇದು ಗೀರು. ನಿಲ್ಲಿಸಿದ್ದು ಸರಿ, ಮುಂದಿನ ಸಲವೂ ನಿಲ್ಲಿಸು” ಎಂದರು. ನಾಲ್ಕು ಮಾತಿನಲ್ಲಿ ಪಾಠವೂ ಆಯಿತು, ಬಾವುಟವೂ ಉಳಿಯಿತು. ಹಿರಿಯರು ಕಲಿಯುವವರಿಗೆ ಕೊಡಬೇಕಾದ ಸಾಲ ಇದು. ಆಮೇಲಿನ ಹೊಣೆಯನ್ನು ಹೊತ್ತವರು ಹೀಗೆ ನಡೆದುಕೊಂಡರೆ ಮಾತ್ರ ಕೆಳಗಿನವರು ಮುಂಚಿನ ಹೊಣೆಯನ್ನು ಹೊರಬಲ್ಲರು. ಅಪ್ರೆಂಟಿಸ್ ಎಂದರೆ ಅಗ್ಗದ ಕೈ ಎಂದು ಎಣಿಸಿ, ಕಲಿಸದೆ ದುಡಿಸಿಕೊಂಡು, ಕೆಟ್ಟಾಗ ಮಾತ್ರ ‘ನೀನು ನೋಡಿದ್ದಲ್ಲವೇ’ ಎನ್ನುವವರಿದ್ದರೆ ಅವರು ಕಾಯಿದೆಯ ಅಕ್ಷರವನ್ನು ಇಟ್ಟುಕೊಂಡು ಅದರ ಮರ್ಯಾದೆಯನ್ನು ಬಿಟ್ಟವರು.

ಒಂದು ವಿಚಾರ ನನಗೆ ಮತ್ತೆಮತ್ತೆ ಬೆರಗು ತರುತ್ತದೆ. ಮನುಷ್ಯ ಆಡಲು ನಾಚುವ ಈ ‘ತಿಳಿಯಲಿಲ್ಲ’ ಎಂಬ ಮಾತನ್ನು ಎಂಜಿನಿಯರರು ತಮ್ಮ ಯಂತ್ರಗಳಿಗೆ ಬಹಳ ಹಿಂದೆಯೇ ಕಲಿಸಿಬಿಟ್ಟರು. ನಮ್ಮ ಕಾಲದ ಕೈಮರ ಸಿಗ್ನಲ್ಲನ್ನು ಹಿರಿಯ ಓದುಗರು ಕಂಡಿರಬಹುದು. ಸ್ಟೇಷನ್ನಿನಿಂದ ತಂತಿ ಎಳೆದರೆ ಕೈ ಕೆಳಗಿಳಿದು ದಾರಿ ಬಿಡುತ್ತಿತ್ತು. ತಂತಿ ಹರಿದರೆ? ಅಲ್ಲಿದ್ದ ಭಾರದ ಕಲ್ಲು ಕೈಯನ್ನು ಮತ್ತೆ ಅಡ್ಡಕ್ಕೆ ತರುತ್ತಿತ್ತು, ಎಂದರೆ ‘ನಿಲ್ಲು’. ಹಳಿಯಲ್ಲಿಯೇ ಸಣ್ಣ ವಿದ್ಯುತ್ತನ್ನು ಹರಿಸಿ ಗಾಡಿ ಎಲ್ಲಿದೆಯೆಂದು ತಿಳಿಯುವ ಏರ್ಪಾಡಿನಲ್ಲಿಯೂ ಅದೇ ನೀತಿ. ಗಾಡಿ ಬಂದರೂ ಕೆಂಪು; ತಂತಿ ಕಳಚಿದರೂ ಕೆಂಪು; ವಿದ್ಯುತ್ತು ನಿಂತರೂ ಕೆಂಪು. ತನಗೆ ಸ್ಥಿತಿ ಸ್ಪಷ್ಟವಾಗದಿದ್ದರೆ ಯಂತ್ರ ಊಹಿಸುವುದಿಲ್ಲ, ‘ಹಸಿರೇ ಇರಬೇಕು’ ಎಂದುಕೊಳ್ಳುವುದಿಲ್ಲ. ಕೆಡುವುದಾದರೆ ಕೆಂಪಿನ ಕಡೆಗೆ ಕೆಡು ಎಂದು ಅದಕ್ಕೆ ಕಟ್ಟಳೆ.

ನಮ್ಮ ದಕ್ಷಿಣ ಬೆಂಗಳೂರಿನ ತಲೆಯ ಮೇಲೆ ಈಗ ಓಡುತ್ತಿರುವ ಗಾಡಿಗಳೂ ಈ ಕಟ್ಟಳೆಯ ಮಕ್ಕಳೇ. 2017ರಲ್ಲಿ ಹಸಿರು ಮಾರ್ಗ ಜಯನಗರ, ಬನಶಂಕರಿಗಳನ್ನು ದಾಟಿ ಯಲಚೇನಹಳ್ಳಿಗೆ ಬಂತು. 2025ರ ಆಗಸ್ಟ್ 10ರಂದು ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿ.ಟಿ.ಎಂ. ಬಡಾವಣೆಗಳ ಮೇಲೆ ಹಾದು ಬೊಮ್ಮಸಂದ್ರಕ್ಕೆ ಹೋಗುವ 19 ಕಿಲೋಮೀಟರಿನ ಹಳದಿ ಮಾರ್ಗದ ಉದ್ಘಾಟನೆಯಾಯಿತು. ಚಾಲಕನಿಲ್ಲದೆಯೂ ಓಡಬಲ್ಲಂತೆ ಇದರ ಏರ್ಪಾಡು ಮಾಡಿದ್ದಾರೆ. ಇದನ್ನು ಕೇಳಿ ನನ್ನ ವಯಸ್ಸಿನ ಗೆಳೆಯರೊಬ್ಬರು, “ಹಾಗಾದರೆ ಏನಾದರೂ ಆದರೆ ಯಾರನ್ನು ಹಿಡಿಯುವುದು?” ಎಂದರು. ಆಮೇಲಿನ ಹೊಣೆಯ ಪ್ರಶ್ನೆಯೇ ನಮ್ಮ ಬಾಯಿಗೆ ಮೊದಲು ಬರುತ್ತದೆ, ನೋಡಿ! ಚಾಲಕನಿಲ್ಲದ ಗಾಡಿಯೆಂದರೆ ಮನುಷ್ಯರಿಲ್ಲದ ಗಾಡಿಯಲ್ಲ. ಮುಂದೆ ಒಬ್ಬನ ಕಣ್ಣಲ್ಲಿದ್ದ ಎಚ್ಚರ ಹಿಂದೆ ನೂರು ಜನರ ಕಣ್ಣಿಗೆ ಹಂಚಿಹೋಗಿರುತ್ತದೆ: ಹತೋಟಿಯ ಕೋಣೆಯಲ್ಲಿ ಕುಳಿತವರು, ಬೆಸುಗೆ ಹಾಕಿದ ಉದ್ದ ಹಳಿಯ ಪಕ್ಕ ನಡೆಯುವವರು, ಗುಂಡಿಯಲ್ಲಿ ನಿಂತು ಬ್ರೇಕು ನೋಡುವವರು. ಆ ನೂರರಲ್ಲಿ ಕೆಲವು ಜೊತೆ ಕಣ್ಣು ಕಲಿಯುವವರದು. ಗಾಡಿಯೊಳಗಿನ ಯಂತ್ರ ತನಗೆ ತಿಳಿಯದಿದ್ದರೆ ನಿಲ್ಲುತ್ತದೆ. ಆದರೆ ಸಡಿಲವಾದ ಬೋಲ್ಟಿನ ಪಕ್ಕ ಹಾಕಿದ ಗುರುತು ಊಹೆಯದೋ ನೋಡಿದ್ದೋ ಎಂದು ಯಂತ್ರಕ್ಕೆ ತಿಳಿಯದು. ಅದನ್ನು ತಿಳಿದವನು ಗುರುತು ಹಾಕಿದವನೊಬ್ಬನೇ.

ಹೀಗೆ ನೋಡಿದರೆ ಅಪ್ರೆಂಟಿಸನ ಆ ಎಲ್ಲಿಯೂ ಸೇರದ ಸ್ಥಿತಿಗೆ ಒಂದು ಭಾಗ್ಯವೂ ಉಂಟು. ಇಡೀ ಕಾರ್ಖಾನೆಯಲ್ಲಿ ‘ತಿಳಿಯಲಿಲ್ಲ’ ಎನ್ನಲು ಸಂಪೂರ್ಣ ಹಕ್ಕಿರುವವನು ಅವನೊಬ್ಬ. ಅವನಿಂದ ತಿಳಿವಳಿಕೆಯನ್ನು ಯಾರೂ ಇನ್ನೂ ನಿರೀಕ್ಷಿಸಿಲ್ಲ. ನಿರೀಕ್ಷಿಸದೆ ಇರಲೆಂದೇ ಅವನಿಗೆ ಆ ಹೆಸರು ಕೊಟ್ಟಿದ್ದಾರೆ. ಹುದ್ದೆ ಬಂದ ಮೇಲೆ ಈ ಮಾತಿನ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುತ್ತದೆ. ಸಹಾಯಕ ಎಂಜಿನಿಯರನಿಗೆ ಅದನ್ನು ಆಡಲು ಸ್ವಲ್ಪ ಮುಜುಗರ. ವಿಭಾಗದ ಎಂಜಿನಿಯರನಿಗೆ ಹೆಚ್ಚು ಮುಜುಗರ. ಮೇಜಿನ ಮೇಲೆ ಮೂರು ಟೆಲಿಫೋನು ಇರುವವನಿಗೆ ಅದು ಬಹುಮಟ್ಟಿಗೆ ಅಸಾಧ್ಯ. ನನ್ನ ಇನ್‌ಸ್ಪೆಕ್ಟರು ಮೂವತ್ತು ವರ್ಷದ ಅನುಭವವಾದ ಮೇಲೂ ಬಗ್ಗಿ, ಭೂತಗನ್ನಡಿ ಹಿಡಿದು, “ಇರು, ನನಗೂ ಸರಿಯಾಗಿ ಕಾಣುತ್ತಿಲ್ಲ” ಎನ್ನುತ್ತಿದ್ದರು. ಅಂಥವರು ಬಹಳ ಕಡಿಮೆ. ಅಪ್ರೆಂಟಿಸಿನ ಒಂದು ವರ್ಷದಲ್ಲಿ ಗಾಲಿ, ಬ್ರೇಕು, ಹಳಿ, ಸಿಗ್ನಲ್ಲುಗಳನ್ನು ಕಲಿಯುವುದು ಹೇಗೂ ಆಗುತ್ತದೆ. ಬುದ್ಧಿಯಿರುವವರಿಗೆ ಅದು ಹೆಚ್ಚಿನ ಮಾತಲ್ಲ. ಆ ವರ್ಷದಲ್ಲಿ ಸಲೀಸಾಗಿ ಆಡುತ್ತಿದ್ದ ಒಂದು ಮಾತನ್ನು ಮುಂದಿನ ಮೂವತ್ತು ವರ್ಷ ಬಾಯಲ್ಲಿ ಉಳಿಸಿಕೊಳ್ಳುವುದೇ ದೊಡ್ಡ ಪಾಠ. ಅದಕ್ಕೆ ಸರ್ಟಿಫಿಕೇಟು ಕೊಡುವ ಮಂಡಳಿಯನ್ನು ಇದುವರೆಗೆ ಯಾರೂ ಸ್ಥಾಪಿಸಿಲ್ಲ.